ನಾಯಿಯ ಕಿವಿ ಶುಚಿಗೊಳಿಸುವುದು ಮತ್ತು ಅದಕ್ಕೆ ನಾಯಿಯನ್ನು ಒಗ್ಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯವರೆಲ್ಲರ ಕೈಯಿಂದ ತಲೆ ಸವರಿಸಿಕೊಂಡು ಸುಖವಾಗಿ ಮಲಗುವ ನಾಯಿಯೇ ಕಿವಿಗೆ ಹಾಕುವ ದ್ರಾವಣದ ಸೀಸೆ ಕಂಡೊಡನೆ ಮಂಚದಡಿ ಸೇರುವುದನ್ನು ನಾಯಿ ಸಾಕಿದವರಲ್ಲಿ ಬಹುಮಂದಿ ಕಂಡಿರುತ್ತಾರೆ. ಇಲ್ಲಿನ ಉತ್ತರಗಳೆಲ್ಲ ಒಂದೇ ನಿಲುವಿನಿಂದ ಹೊರಟಿವೆ: ಕಿವಿ ಶುಚಿಯಾಗುವ ಮೊದಲು ಕಿವಿ ಮುಟ್ಟಿಸಿಕೊಳ್ಳಲು ನಾಯಿ ಒಪ್ಪಬೇಕು, ಆ ಒಪ್ಪಿಗೆ ಬಲವಂತದಿಂದ ಸಿಗುವುದಿಲ್ಲ. ನೋವಿರುವ ಕಿವಿಯ ವಿಷಯ ಬೇರೆ. ಅಲ್ಲಿ ತರಬೇತಿಗೂ ಮೊದಲು ಪಶುವೈದ್ಯರ ತಪಾಸಣೆಯಾಗಬೇಕು.

ಎಲ್ಲ ನಾಯಿಗಳ ಕಿವಿಯನ್ನೂ ನಿಯಮಿತವಾಗಿ ಶುಚಿಗೊಳಿಸಲೇಬೇಕೇ?

ಬೇಕಿಲ್ಲ. ಆರೋಗ್ಯವಾಗಿರುವ ಕಿವಿಯ ಒಳಚರ್ಮವು ಕಿವಿತಮಟೆಯ ಕಡೆಯಿಂದ ಹೊರಗಿನ ಕಡೆಗೆ ನಿಧಾನವಾಗಿ ಸರಿಯುತ್ತಾ ಗುಗ್ಗೆಯನ್ನೂ ಸತ್ತ ಚರ್ಮದ ಕಣಗಳನ್ನೂ ತಾನೇ ಹೊರಕ್ಕೆ ಸಾಗಿಸುತ್ತದೆ. ಒಳಗೆ ತೆಳು ಗುಲಾಬಿ ಬಣ್ಣವಿದ್ದು, ಕೆಟ್ಟ ವಾಸನೆಯಿಲ್ಲದೆ, ಅಲ್ಪಸ್ವಲ್ಪ ಗುಗ್ಗೆ ಮಾತ್ರ ಕಾಣುವ ಕಿವಿಯನ್ನು ವಾರಕ್ಕೊಮ್ಮೆ ಎತ್ತಿ ನೋಡಿದರೆ ಸಾಕು. ನಿಮಿರಿದ ಕಿವಿಯ ನಮ್ಮ ನಾಡುನಾಯಿಗಳಲ್ಲಿ ಬಹುಪಾಲಿಗೆ ಇದಕ್ಕಿಂತ ಹೆಚ್ಚಿನ ಆರೈಕೆ ಬೇಕಾಗುವುದಿಲ್ಲ. ಕಾಕರ್ ಸ್ಪ್ಯಾನಿಯಲ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಂಥ ಜೋಲುಕಿವಿಯ ನಾಯಿಗಳು, ಕೆರೆ ತೊರೆಗಳಿಗೆ ಇಳಿದು ಈಜುವ ನಾಯಿಗಳು ಮತ್ತು ಚರ್ಮದ ಅಲರ್ಜಿ ಇರುವ ನಾಯಿಗಳು ಮಾತ್ರ ಇದಕ್ಕೆ ಹೊರತು. ಇವುಗಳಿಗೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಶುಚಿಗೊಳಿಸಲು ವೈದ್ಯರು ಹೇಳುವುದುಂಟು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಒಗೆದ ಬಟ್ಟೆಯೇ ಒಣಗದ ದಿನಗಳಲ್ಲಿ ಮುಚ್ಚಿದ ಕಿವಿಯೂ ಒಣಗುವುದಿಲ್ಲವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎತ್ತಿ ನೋಡುವುದನ್ನು ಹೆಚ್ಚಿಸಬೇಕು.

ಅತಿಯಾಗಿ ಶುಚಿಗೊಳಿಸುವುದೂ ತೊಂದರೆಯೇ. ಸದಾ ತೇವವಾಗಿರುವ ಒಳಚರ್ಮ ಮೆತ್ತಗಾಗಿ ಉರಿಯೂತಕ್ಕೆ ಎಡೆಮಾಡುತ್ತದೆ. ಆದರೆ ಈಗ ಶುಚಿ ಬೇಡದ ನಾಯಿಗೂ ಕಿವಿ ಮುಟ್ಟಿಸಿಕೊಳ್ಳುವ ಅಭ್ಯಾಸವನ್ನು ಮಾಡಿಸಿಡಬೇಕು. ಸೋಂಕು ಬಂದು ದಿನಕ್ಕೆರಡು ಬಾರಿ ಔಷಧ ಹಾಕಬೇಕಾದ ದಿನ ಅಭ್ಯಾಸ ಆರಂಭಿಸಲು ಹೋದರೆ ತಡವಾಗಿರುತ್ತದೆ.

ಬೇರೆಲ್ಲ ಕಡೆ ಮುಟ್ಟಿಸಿಕೊಳ್ಳುವ ನಾಯಿ ಕಿವಿಗೆ ಮಾತ್ರ ಏಕೆ ಇಷ್ಟು ಹೆದರುತ್ತದೆ?

ಕಾರಣಗಳು ಹಲವು, ಮತ್ತು ಅವು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ನಾಯಿಯ ಕಿವಿನಾಳ ನಮ್ಮದರಂತೆ ನೇರವಾಗಿ ಒಳಕ್ಕೆ ಹೋಗುವುದಿಲ್ಲ. ಮೊದಲು ಕೆಳಗೆ ಇಳಿದು, ಆಮೇಲೆ ತಲೆಯ ಒಳಭಾಗಕ್ಕೆ ತಿರುಗುತ್ತದೆ, ತಿರುವಿನ ಆಚೆ ತಮಟೆ ಇರುತ್ತದೆ. ಈ ಬಾಗಿದ ಕೊಳವೆಗೆ ತಣ್ಣನೆಯ ದ್ರಾವಣ ಸುರಿದಾಗ ಆಗುವ ಚಳುಕು ಮತ್ತು ಒಳಗಿನ ಬುಳುಬುಳು ಸದ್ದು, ನಮಗಿಂತ ಎಷ್ಟೋ ಸೂಕ್ಷ್ಮವಾಗಿ ಕೇಳಬಲ್ಲ ಪ್ರಾಣಿಗೆ ಹೇಗಿರಬಹುದೆಂದು ಊಹಿಸಬಹುದು. ಇದರ ಜೊತೆಗೆ, ಬಹುಪಾಲು ನಾಯಿಗಳ ಕಿವಿಯನ್ನು ಮೊದಲ ಬಾರಿ ಯಾರಾದರೂ ಗಂಭೀರವಾಗಿ ಮುಟ್ಟುವುದು ಅದು ನೋಯುತ್ತಿರುವಾಗಲೇ. ನಾಯಿಯ ಲೆಕ್ಕದಲ್ಲಿ ನೋವು ತಂದದ್ದು ಸೋಂಕಲ್ಲ, ಸೀಸೆ ಮತ್ತು ಸೀಸೆ ಹಿಡಿದ ಕೈ.

ಮುಂದಿನದು ರಷ್ಯದ ವಿಜ್ಞಾನಿ ಪಾವ್ಲೋವ್ ತೋರಿಸಿಕೊಟ್ಟ ನಿಯಮವೇ: ಒಂದು ಸೂಚನೆಯ ಹಿಂದೆಯೇ ಪದೇ ಪದೇ ಒಂದು ಅನುಭವ ಬಂದರೆ, ಸೂಚನೆ ಕಂಡ ಮಾತ್ರಕ್ಕೆ ದೇಹ ಆ ಅನುಭವಕ್ಕೆ ಸಿದ್ಧವಾಗಿಬಿಡುತ್ತದೆ. ಮುಚ್ಚಳ ತೆರೆಯುವ ಸದ್ದು, ಔಷಧದ ಘಾಟು, ಬಚ್ಚಲಿನ ಕಡೆಗೆ ಕರೆದೊಯ್ಯುವ ದನಿ, ಇವೆಲ್ಲ ಭಯದ ಸೂಚನೆಗಳಾಗುತ್ತವೆ. ನಾವು ಮಾಡಬೇಕಾದದ್ದು ಇದೇ ನಿಯಮವನ್ನು ಹಿಮ್ಮುಖವಾಗಿ ಬಳಸುವುದು.

ಇದು ಹಟವೋ ನೋವೋ ಎಂದು ತಿಳಿಯುವುದು ಹೇಗೆ?

ಹಟ ಎಂಬ ಪದವನ್ನು ಇಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು. ನಾಯಿ ತಲೆ ಕೊಡವುತ್ತಲೇ ಇದ್ದರೆ, ಕಿವಿಯನ್ನು ಕಾಲಿನಿಂದ ಕೆರೆದುಕೊಳ್ಳುತ್ತಿದ್ದರೆ ಅಥವಾ ಗೋಡೆಗೆ, ಸೋಫಾಕ್ಕೆ ಉಜ್ಜುತ್ತಿದ್ದರೆ, ಕಿವಿಯಿಂದ ಹುಳಿ ವಾಸನೆಯೋ ಕೊಳೆತ ವಾಸನೆಯೋ ಬರುತ್ತಿದ್ದರೆ, ಒಳಚರ್ಮ ಕೆಂಪಾಗಿ ಬಾತಿದ್ದರೆ, ಕಂದು ಇಲ್ಲವೇ ಹಳದಿ ಸ್ರಾವ ಕಂಡರೆ ಅದು ಕಾಯಿಲೆ. ಕಾಫಿ ಗಸಿಯಂಥ ಕಪ್ಪು ಪುಡಿ ಕಂಡರೆ, ಮುಖ್ಯವಾಗಿ ಮರಿಗಳಲ್ಲಿ, ಕಿವಿನುಸಿಯ ಶಂಕೆಯಿರುತ್ತದೆ. ನಿನ್ನೆಯವರೆಗೆ ಕಿವಿ ಮುಟ್ಟಿಸಿಕೊಳ್ಳುತ್ತಿದ್ದ ನಾಯಿ ಇಂದು ಥಟ್ಟನೆ ಮುಖ ತಿರುಗಿಸಿದರೆ, ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೂ ನೋವೆಂದೇ ಭಾವಿಸಿ ತೋರಿಸಬೇಕು. ಹುಲ್ಲುಗಾವಲಿನಲ್ಲಿ ಓಡಾಡಿ ಬಂದ ನಾಯಿಯ ಕಿವಿಯೊಳಗೆ ಹುಲ್ಲಿನ ಮುಳ್ಳುತೆನೆ ಸೇರಿಕೊಂಡಿರುವುದುಂಟು.

ತಲೆ ಒಂದು ಪಕ್ಕಕ್ಕೆ ವಾಲಿರುವುದು, ನಡೆಯುವಾಗ ತೂರಾಡುವುದು, ಕಣ್ಣುಗುಡ್ಡೆಗಳು ತಾವೇ ಅತ್ತಿತ್ತ ಹೊಯ್ದಾಡುವುದು, ಕಿವಿಹಾಲೆ ದಿಂಬಿನಂತೆ ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಊದಿದ ಹಾಲೆಯಲ್ಲಿ ಸಾಮಾನ್ಯವಾಗಿ ರಕ್ತ ತುಂಬಿರುತ್ತದೆ. ತಲೆ ಕೊಡವಿ ಕೊಡವಿ ಒಳಗಿನ ರಕ್ತನಾಳ ಒಡೆದಿರುತ್ತದೆ. ಇಂಥ ಯಾವ ಸ್ಥಿತಿಯಲ್ಲೂ ಮನೆಯಲ್ಲಿ ದ್ರಾವಣ ಹಾಕಬಾರದು. ತಮಟೆ ಹರಿದಿದ್ದರೆ ಎಷ್ಟೋ ದ್ರಾವಣಗಳು ಮತ್ತು ಕೆಲವು ಔಷಧಗಳು ಒಳಕಿವಿಗೆ ತಲುಪಿ ಕಿವುಡು ಅಥವಾ ಸಮತೋಲನದ ತೊಂದರೆ ತರಬಲ್ಲವು. ತಮಟೆ ಸರಿಯಾಗಿದೆಯೇ ಎಂಬುದನ್ನು ವೈದ್ಯರು ಓಟೋಸ್ಕೋಪ್ ಎಂಬ, ಕಿವಿಯೊಳಗೆ ನೋಡುವ ಉಪಕರಣದಿಂದ ನೋಡಿಯೇ ಹೇಳಬೇಕು.

ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ವಿನಿಗರ್ ಇವುಗಳನ್ನು ಬಳಸಬಹುದೇ?

ಬಳಸಬಾರದು. ನಾಯಿಯ ಕಿವಿಯಲ್ಲಿ ತುರಿಕೆ ತರುವ ಮಲಸೀಜಿಯಾ ಎಂಬ ಯೀಸ್ಟ್ ಜಿಡ್ಡಿನಲ್ಲೇ ಹುಲುಸಾಗಿ ಬೆಳೆಯುವಂಥದ್ದು. ಎಣ್ಣೆ ಅದಕ್ಕೆ ಅನುಕೂಲವೇ ಹೊರತು ನಾಯಿಗಲ್ಲ. ವಿನಿಗರ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಕೆರೆದ ಚರ್ಮಕ್ಕೆ ತಾಗಿದರೆ ಸುಡುತ್ತವೆ, ಮತ್ತು ಒಮ್ಮೆ ಹಾಗೆ ಉರಿದರೆ ವಾರಗಟ್ಟಲೆ ಮಾಡಿದ ಅಭ್ಯಾಸ ನೀರಿನಲ್ಲಿ ಹೋಮವಾದಂತೆ. ಹೋದ ವರ್ಷ ಕೊಟ್ಟಿದ್ದ, ಅರ್ಧ ಉಳಿದಿರುವ ಕಿವಿ ಔಷಧವೂ ಬೇಡ.

ಬೇಕಾದದ್ದು ಇಷ್ಟು: ನಾಯಿಗಳಿಗೆಂದೇ ತಯಾರಾದ, ನಿಮ್ಮ ವೈದ್ಯರು ಒಪ್ಪಿದ ಶುಚಿಗೊಳಿಸುವ ದ್ರಾವಣ, ದೊಡ್ಡ ಹತ್ತಿಯುಂಡೆಗಳು ಅಥವಾ ಗಾಜ್ ಬಟ್ಟೆ, ಒಂದು ಹಳೆಯ ಟವೆಲ್, ಸಾಕಷ್ಟು ತಿನಿಸು. ಇಯರ್ ಬಡ್ ಈ ಪಟ್ಟಿಯಲ್ಲಿಲ್ಲ. ಅದು ಗುಗ್ಗೆಯನ್ನು ಹೊರಗೆ ತರುವುದಕ್ಕಿಂತ ನಾಳದ ತಿರುವಿನ ಕಡೆಗೆ ದೂಡುವುದೇ ಹೆಚ್ಚು, ಮತ್ತು ನಾಯಿ ತಲೆ ಕೊಡವುವ ಕ್ಷಣವನ್ನು ನಾವು ಮೊದಲೇ ಬಲ್ಲವರಲ್ಲ.

ಅಭ್ಯಾಸವನ್ನು ಎಲ್ಲಿಂದ ಆರಂಭಿಸಬೇಕು?

ಕಿವಿಯಿಂದಲ್ಲ, ಸೀಸೆಯಿಂದಂತೂ ಅಲ್ಲ. ಮೊದಲು ಜಾಗವನ್ನು ಆರಿಸಿಕೊಳ್ಳಿ. ಬಚ್ಚಲುಮನೆಯ ಜಾರುವ ನೆಲವೂ ಓಡಲು ದಾರಿಯಿಲ್ಲದ ಮೂಲೆಯೂ ಬೇಡ. ನಡುಮನೆಯಲ್ಲೋ ಜಗಲಿಯಲ್ಲೋ ಒಂದು ಚಾಪೆ ಅಥವಾ ಕಾಲೊರಸು ಹಾಸಿ, ನಾಯಿಯ ಮೇಲೆ ಬಾಗದಂತೆ ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ವಾಕಿಂಗ್ ಮುಗಿಸಿ, ಮೂತ್ರ ವಿಸರ್ಜನೆ ಮಾಡಿ, ಸ್ವಲ್ಪ ಹಸಿದಿರುವ ಹೊತ್ತು ಒಳ್ಳೆಯದು. ದೀಪಾವಳಿಯ ಪಟಾಕಿ ದಿನಗಳು, ಮನೆಗೆ ನೆಂಟರು ಬಂದಿರುವ ಸಂಜೆ ಇವು ಇದಕ್ಕೆ ತಕ್ಕ ಸಮಯವಲ್ಲ.

ಈಗ ಕ್ರಮವನ್ನು ಗಮನಿಸಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಬಲಗೈಯಲ್ಲಿ ತಿನಿಸು ಇರಲಿ, ಆದರೆ ಅದು ನಿಮ್ಮ ಬೆನ್ನ ಹಿಂದೆ ಅಲುಗದೆ ಇರಲಿ. ಎಡಗೈಯ ಎರಡು ಬೆರಳು ನಾಯಿಯ ಭುಜಕ್ಕೆ ಹಗುರವಾಗಿ ತಾಗಲಿ. ತಾಗಿದ ಮೇಲೆ, ಒಂದು ಉಸಿರಿನಷ್ಟು ಬಿಟ್ಟು, ಬಲಗೈ ಮುಂದೆ ಬಂದು ತಿನಿಸು ಕೊಡಲಿ. ಎಡಗೈ ತೆಗೆದೊಡನೆ ತಿನಿಸು ನಿಲ್ಲಲಿ. ಮುಟ್ಟುವುದು ಮೊದಲು, ತಿನಿಸು ಆಮೇಲೆ, ಯಾವಾಗಲೂ ಹೀಗೆಯೇ. ತಿನಿಸನ್ನು ಮೊದಲೇ ತೋರಿಸಿ, ನಾಯಿ ತಿನ್ನುತ್ತಿರುವಾಗ ಮೆಲ್ಲನೆ ಕಿವಿಗೆ ಕೈ ಹಾಕುವುದು ಬುದ್ಧಿವಂತಿಕೆಯಂತೆ ಕಾಣುತ್ತದೆ. ಆದರೆ ಕೆಲವೇ ದಿನಗಳಲ್ಲಿ ನಾಯಿಯ ಪಾಲಿಗೆ ಕೋಳಿಮಾಂಸವೇ ಅಪಾಯದ ಮುನ್ಸೂಚನೆಯಾಗುತ್ತದೆ, ಆಮೇಲೆ ಅದನ್ನೂ ತಿನ್ನುವುದಿಲ್ಲ.

ಭುಜ ಮುಟ್ಟಿದೊಡನೆ ನಾಯಿ ಹಿಗ್ಗಿ ನಿಮ್ಮ ಬಲಗೈಯ ಕಡೆಗೆ ತಿರುಗಿ ನೋಡಿತೆಂದರೆ ಪಾಠ ಅದಕ್ಕೆ ತಿಳಿದಿದೆ ಎಂದು ಅರ್ಥ. ಆಗ ಭುಜದಿಂದ ಕತ್ತಿಗೆ, ಕತ್ತಿನಿಂದ ಕೆನ್ನೆಗೆ, ಕೆನ್ನೆಯಿಂದ ಕಿವಿಹಾಲೆಯ ಹೊರಬದಿಗೆ ಬನ್ನಿ. ಅನಂತರ ಹಾಲೆಯನ್ನು ಕ್ಷಣಕಾಲ ಎತ್ತಿ ಬಿಡುವುದು, ಎತ್ತಿ ಎರಡು ಕ್ಷಣ ಹಿಡಿಯುವುದು, ಒಳಗೆ ಇಣುಕಿ ನೋಡುವುದು, ಒಣ ಹತ್ತಿಯನ್ನು ಒಳಹಾಲೆಗೆ ತಾಗಿಸುವುದು, ಕಿವಿಯ ಬುಡವನ್ನು ಹೊರಗಿನಿಂದ ಮೆಲ್ಲನೆ ಒತ್ತುವುದು, ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋಗಬೇಕು. ಎರಡು ಕಿವಿಗಳಲ್ಲಿ ನಾಯಿ ಕಡಿಮೆ ಮುಜುಗರಪಡುವ ಕಿವಿಯಿಂದ ಆರಂಭಿಸಿ. ಒಂದು ಬಾರಿಗೆ ಒಂದೆರಡು ನಿಮಿಷ ಸಾಕು. ದಿನಕ್ಕೆ ಎರಡು ಮೂರು ಬಾರಿ ಮಾಡಬಹುದು. ನಾಯಿ ಇನ್ನೂ ಬೇಕೆನ್ನುತ್ತಿರುವಾಗಲೇ ನಿಲ್ಲಿಸಿ.

ಸೀಸೆಗೆ ಬೇರೆಯೇ ಪಾಠ ಬೇಕು. ಮುಚ್ಚಿದ ಸೀಸೆ ಕೋಣೆಯ ಆಚೆ ಬದಿಯಲ್ಲಿ ಕಂಡಾಗ ತಿನಿಸು, ಸೀಸೆ ಮರೆಯಾದಾಗ ತಿನಿಸಿಲ್ಲ. ದಿನದಿಂದ ದಿನಕ್ಕೆ ಸೀಸೆಯನ್ನು ಹತ್ತಿರ ತನ್ನಿ. ಮುಚ್ಚಳ ಟಕ್ಕೆಂದಾಗ ತಿನಿಸು. ತೆರೆದ ಸೀಸೆಯ ವಾಸನೆ ಬಂದಾಗ ತಿನಿಸು. ಆಮೇಲೆ ಖಾಲಿ ಸೀಸೆ ಕಿವಿಯ ಬಳಿ ಬಂದು ಹೋಗಲಿ. ಕೈಯ ಪಾಠವೂ ಸೀಸೆಯ ಪಾಠವೂ ಬೇರೆ ಬೇರೆಯಾಗಿ ಗಟ್ಟಿಯಾಗುವ ಮೊದಲು ಎರಡನ್ನೂ ಒಟ್ಟುಗೂಡಿಸಬಾರದು.

ದ್ರಾವಣ ಸುರಿಯುವ ಹಂತ ಬಂದಾಗ ಎಲ್ಲವೂ ಕೆಡುತ್ತದೆ. ಏನು ಮಾಡಬೇಕು?

ಒದ್ದೆ ಹತ್ತಿ ತಾಗುವುದಕ್ಕೂ ಕಿವಿಯೊಳಗೆ ನೀರು ಇಳಿಯುವುದಕ್ಕೂ ನಡುವಿನ ಅಂತರ ಬಹಳ ದೊಡ್ಡದು. ಅಲ್ಲಿ ಒಂದು ಮೆಟ್ಟಿಲು ಹಾಕಿಕೊಳ್ಳಬೇಕು. ದ್ರಾವಣದಲ್ಲಿ ಚೆನ್ನಾಗಿ ನೆನೆಸಿದ ದೊಡ್ಡ ಹತ್ತಿಯುಂಡೆಯನ್ನು ಕಿವಿನಾಳದ ಬಾಯಲ್ಲಿಟ್ಟು, ಹಾಲೆಯನ್ನು ಅದರ ಮೇಲೆ ಮಡಿಸಿ, ಹೊರಗಿನಿಂದ ಮೆಲ್ಲಗೆ ಹಿಂಡಿದರೆ ದ್ರಾವಣ ಸದ್ದಿಲ್ಲದೆ ಒಳಗಿಳಿಯುತ್ತದೆ. ಉಂಡೆ ಒಳಗೆ ಜಾರದಷ್ಟು ದೊಡ್ಡದಾಗಿರಬೇಕು. ಸೀಸೆಯ ಚಿಮ್ಮುವಿಕೆಯನ್ನು ಕೊನೆಯವರೆಗೂ ಸಹಿಸದ ಎಷ್ಟೋ ನಾಯಿಗಳಿಗೆ ಈ ವಿಧಾನವನ್ನೇ ಕಾಯಂ ಮಾಡಿಕೊಳ್ಳಬಹುದು. ಸೀಸೆಯಿಂದಲೇ ಹಾಕಬೇಕೆಂಬ ವ್ರತವೇನಿಲ್ಲ.

ದ್ರಾವಣ ತಣ್ಣಗಿರಬಾರದು. ಸೀಸೆಯನ್ನು ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಕೆಲವು ನಿಮಿಷ ನಿಲ್ಲಿಸಿ, ಒಂದು ಹನಿಯನ್ನು ನಿಮ್ಮ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ. ಬಿಸಿಯೂ ತಂಪೂ ಅನ್ನಿಸದಿದ್ದರೆ ಸರಿ. ಒಲೆಯ ಮೇಲೆ ಅಥವಾ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬಾರದು.

ತಿನಿಸು ಯಾವುದು ಕೊಡಬೇಕು? ನಮ್ಮದು ಮಾಂಸ ತರದ ಮನೆ.

ತೊಂದರೆಯಿಲ್ಲ. ಕಡಲೆಕಾಳಿನಷ್ಟು ಸಣ್ಣ ಪನೀರ್ ಚೂರು, ಬೇಯಿಸಿದ ಗೆಣಸು, ಚಟ್ನಿ ಸೋಕದ ಇಡ್ಲಿಯ ತುಣುಕು ಇವುಗಳಿಗೆ ಮನಸೋಲದ ನಾಯಿ ಕಡಿಮೆ. ಮಾಂಸ ಬಳಸುವ ಮನೆಗಳಲ್ಲಿ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಆಗುತ್ತದೆ. ದಿನದ ಊಟದ ಒಣ ಉಂಡೆಗಳು ಈ ಕೆಲಸಕ್ಕೆ ಸಾಲುವುದಿಲ್ಲ. ಈ ತಿನಿಸು ಬೇರೆ ಯಾವ ಹೊತ್ತಿನಲ್ಲೂ ಸಿಗದಂಥದ್ದಾಗಿರಬೇಕು. ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರು ಸವರಿ, ಅಡಿಯಲ್ಲಿ ಒದ್ದೆ ಬಟ್ಟೆಯಿಟ್ಟು ತಟ್ಟೆ ಜಾರದಂತೆ ಮಾಡಿದರೆ, ನಾಯಿ ನೆಕ್ಕುತ್ತಿರುವಷ್ಟು ಹೊತ್ತೂ ತಲೆ ಒಂದೇ ಕಡೆ ನಿಲ್ಲುತ್ತದೆ. ಆದರೆ ಇಲ್ಲಿಯೂ ಕೈ ತಾಗಿದ ಮೇಲೆಯೇ ತಟ್ಟೆ ಕೆಳಗಿಳಿಯಬೇಕು.

ಕಡಲೆಬೀಜದ ಬೆಣ್ಣೆಯನ್ನು ಕೊಡುವುದಾದರೆ ಡಬ್ಬಿಯ ಮೇಲೆ ಜೈಲಿಟಾಲ್ ಎಂಬ ಸಿಹಿಕಾರಕದ ಹೆಸರಿದೆಯೇ ಎಂದು ಓದಿ ನೋಡಿ. ಅದು ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಬಿದ್ದ ಪಲ್ಯ ಇವೂ ಆಗಬಾರದು. ಅಲರ್ಜಿಯ ಕಾರಣಕ್ಕೆ ಪಥ್ಯದಲ್ಲಿರುವ ನಾಯಿಯಾದರೆ, ಪಥ್ಯದ ಆಹಾರದಿಂದಲೇ ತಿನಿಸು ಮಾಡಿಕೊಳ್ಳಬೇಕು. ಮರುಕಳಿಸುವ ಕಿವಿ ಸೋಂಕಿನ ಹಿಂದೆ ಬಹಳ ಸಲ ಅಲರ್ಜಿಯೇ ಇರುವುದರಿಂದ ಈ ಮಾತು ಸಣ್ಣದಲ್ಲ.

ನಾಯಿ ಒಪ್ಪಿದೆ ಅಥವಾ ಒಪ್ಪಿಲ್ಲ ಎಂದು ನಮಗೆ ಗೊತ್ತಾಗುವುದು ಹೇಗೆ?

ಒಪ್ಪದಿರುವುದನ್ನು ನಾಯಿ ಗುರುಗುಟ್ಟುವುದಕ್ಕೆ ಬಹಳ ಮೊದಲೇ ಹೇಳಿರುತ್ತದೆ. ಮುಖ ಪಕ್ಕಕ್ಕೆ ತಿರುಗಿಸುವುದು, ತಿನಿಸಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಒಂದು ಮುಂಗಾಲನ್ನು ಎತ್ತಿ ಹಿಡಿಯುವುದು, ಬಾಯಿ ಬಿಗಿಯಾಗಿ ಮುಚ್ಚಿ ಮೈ ಕಲ್ಲಾಗುವುದು, ಇವೆಲ್ಲ ಬೇಡವೆಂಬ ಮಾತುಗಳೇ. ಕೊನೆಯದನ್ನು ಜನ ಬಹಳವಾಗಿ ತಪ್ಪು ತಿಳಿಯುತ್ತಾರೆ: ಕದಲದೆ ನಿಂತಿತು, ಒಪ್ಪಿಕೊಂಡಿತು ಎಂದುಕೊಳ್ಳುತ್ತಾರೆ. ಕಲ್ಲಾಗಿ ನಿಂತ ನಾಯಿ ಒಪ್ಪಿಲ್ಲ, ಇದು ಮುಗಿಯುವುದನ್ನು ಕಾಯುತ್ತಿದೆ.

ಒಪ್ಪಿಗೆಯನ್ನು ಹೇಳುವ ಒಂದು ಭಂಗಿಯನ್ನೇ ನಾಯಿಗೆ ಕಲಿಸಬಹುದು. ಸುಲಭವಾದದ್ದೆಂದರೆ ಗಲ್ಲವನ್ನು ನಿಮ್ಮ ತೊಡೆಯ ಮೇಲೋ ಮಡಿಸಿದ ಟವೆಲಿನ ಮೇಲೋ ಊರುವುದು. ಗಲ್ಲ ಊರಿರುವಷ್ಟು ಹೊತ್ತು ನಿಮ್ಮ ಕೈ ಕೆಲಸ ಮಾಡುತ್ತದೆ, ಗಲ್ಲ ಎತ್ತಿದ ಕ್ಷಣ ನಿಮ್ಮ ಕೈ ಹಿಂದೆ ಸರಿಯುತ್ತದೆ. ಬ್ರಿಟನ್ನಿನ ತರಬೇತುದಾರ ಚಿರಾಗ್ ಪಟೇಲ್ ಅವರು ಪ್ರಚಾರಕ್ಕೆ ತಂದ ಬಕೆಟ್ ಆಟವೂ ಇದೇ ತತ್ತ್ವದ್ದು: ತಿನಿಸು ತುಂಬಿದ ಡಬ್ಬಿಯೊಂದು ನಾಯಿಯ ಮುಂದಿರುತ್ತದೆ, ನಾಯಿ ಡಬ್ಬಿಯನ್ನು ನೋಡುತ್ತಿರುವವರೆಗೆ ಕೆಲಸ ಸಾಗುತ್ತದೆ, ದೃಷ್ಟಿ ತೆಗೆದರೆ ಎಲ್ಲವೂ ನಿಲ್ಲುತ್ತದೆ. ನಿಲ್ಲಿಸುವ ಅಧಿಕಾರ ನಾಯಿಗೆ ಕೊಟ್ಟರೆ ಅದು ಪ್ರತಿ ಬಾರಿ ನಿಲ್ಲಿಸಿಯೇಬಿಡುತ್ತದೆ ಎಂಬ ಭಯ ಸಹಜ, ಆದರೆ ಆಗುವುದು ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ಬೇಡವೆಂದರೆ ಬಿಡುತ್ತಾರೆ ಎಂದು ಖಾತ್ರಿಯಾದ ನಾಯಿ ಬೇಡವೆನ್ನುವುದನ್ನು ಕಡಿಮೆ ಮಾಡುತ್ತದೆ.

ಇದಕ್ಕೆಲ್ಲ ಎಷ್ಟು ದಿನ ಹಿಡಿಯುತ್ತದೆ?

ಹಿಂದೆ ಕೆಟ್ಟ ಅನುಭವವಿಲ್ಲದ ಎಳೆಯ ನಾಯಿಗೆ ಒಂದೆರಡು ವಾರ, ಹೆದರಿರುವ ನಾಯಿಗೆ ಕೆಲವು ತಿಂಗಳು. ಹಂತಗಳ ಪಟ್ಟಿಗಿಂತ ನಾಯಿಯ ಮುಖವನ್ನು ನೋಡಿ ಮುಂದುವರಿಯಬೇಕು. ಒಂದು ಹಂತದಲ್ಲಿ ಎರಡು ಬಾರಿ ತಡೆದರೆ ಹಿಂದಿನ ಹಂತಕ್ಕೆ ಮರಳಿ.

ನಿಜವಾಗಿ ಶುಚಿಗೊಳಿಸುವ ದಿನ ಕ್ರಮ ಹೇಗಿರಬೇಕು?

ಕಿವಿಹಾಲೆಯನ್ನು ಮೇಲ್ಮುಖವಾಗಿ ಎತ್ತಿ ಹಿಡಿದರೆ ಬಾಗಿದ ನಾಳ ತಕ್ಕಮಟ್ಟಿಗೆ ನೇರವಾಗುತ್ತದೆ. ಸೀಸೆಯ ತುದಿಯನ್ನು ಒಳಗೆ ತೂರಿಸದೆ, ಕಿವಿಗೆ ಮುಟ್ಟಿಸದೆ, ನಾಳ ತುಂಬುವಷ್ಟು ದ್ರಾವಣ ಬಿಡಿ. ಹಾಲೆಯನ್ನು ಮುಚ್ಚಿ, ಕಿವಿಯ ಬುಡದಲ್ಲಿ ಬೆರಳಿಗೆ ಸಿಗುವ ಗಟ್ಟಿ ಕೊಳವೆಯನ್ನು ಹೊರಗಿನಿಂದ ಇಪ್ಪತ್ತು ಮೂವತ್ತು ಸೆಕೆಂಡು ಮೃದುವಾಗಿ ನೀವಿ. ಒಳಗೆ ಪಚಪಚ ಸದ್ದು ಕೇಳಿದರೆ ದ್ರಾವಣ ತಲುಪಿದೆ ಎಂದರ್ಥ. ಈಗ ಕೈ ಬಿಟ್ಟು ಹಿಂದೆ ಸರಿದು ನಾಯಿಗೆ ತಲೆ ಕೊಡವಲು ಬಿಡಿ. ಆಳದಲ್ಲಿರುವ ಗುಗ್ಗೆಯನ್ನು ಮೇಲಕ್ಕೆ ತರುವುದು ಈ ಕೊಡವುವಿಕೆಯೇ, ಅದನ್ನು ತಡೆಯಬೇಡಿ. ಗೋಡೆಗೆ ಹಾರಿದ ಹನಿಗಳನ್ನು ಆಮೇಲೆ ಒರೆಸಿಕೊಂಡರಾಯಿತು. ಕೊನೆಗೆ ಬೆರಳಿಗೆ ಸುತ್ತಿದ ಗಾಜ್ ಬಟ್ಟೆಯಿಂದ, ಬೆರಳು ಸಲೀಸಾಗಿ ಹೋಗುವಷ್ಟು ಮಾತ್ರ ಒರೆಸಿ.

ಒಂದು ಕಿವಿಗೆ ಬಳಸಿದ ಹತ್ತಿ ಇನ್ನೊಂದು ಕಿವಿಗೆ ಬೇಡ. ಎರಡನೆಯ ಕಿವಿಯನ್ನು ಅದೇ ದಿನ ಮಾಡಲೇಬೇಕೆಂಬ ನಿಯಮವೂ ಇಲ್ಲ. ಔಷಧದ ಹನಿಯನ್ನೂ ಹಾಕುವುದಿದ್ದರೆ, ಶುಚಿಗೊಳಿಸಿದ ಎಷ್ಟು ಹೊತ್ತಿನ ಮೇಲೆ ಹಾಕಬೇಕೆಂದು ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡರೆ ಎರಡು ನಿಮಿಷದ ಕೆಲಸವಲ್ಲವೇ?

ಇವತ್ತು ಎರಡು ನಿಮಿಷ, ಮುಂದಿನ ವಾರ ಹತ್ತು ನಿಮಿಷ, ಅದರ ಮುಂದಿನ ವಾರ ಮೂವರು ಬೇಕು. ಮನೆಯ ಹಿರಿಯರು ದನಕರುಗಳಿಗೆ ಗೊಟ್ಟದಲ್ಲಿ ಔಷಧ ಕುಡಿಸಿದ ಅನುಭವದ ಮೇಲೆ ಈ ಸಲಹೆ ಕೊಡುವುದುಂಟು, ಅವರ ಕಾಳಜಿ ಸುಳ್ಳಲ್ಲ. ಆದರೆ ವರ್ಷಕ್ಕೊಮ್ಮೆ ಕುಡಿಸುವ ಔಷಧಕ್ಕೂ ನಾಯಿಯ ಜೀವಮಾನವಿಡೀ ನಡೆಯಬೇಕಾದ ಆರೈಕೆಗೂ ಒಂದೇ ಉಪಾಯ ಸಲ್ಲುವುದಿಲ್ಲ. ಇಬ್ಬರಿದ್ದರೆ ಕೆಲಸವನ್ನು ಬೇರೆ ರೀತಿ ಹಂಚಿಕೊಳ್ಳಿ: ಒಬ್ಬರು ಕಿವಿ ನೋಡಲಿ, ಇನ್ನೊಬ್ಬರು ಎದುರಿನಲ್ಲಿ ಕುಳಿತು ತಿನಿಸು ಕೊಡಲಿ, ಜೊತೆಗೆ ನಾಯಿಯ ಮುಖದಲ್ಲಿ ಆಗುವ ಬದಲಾವಣೆಗಳನ್ನು ಹೇಳುತ್ತಿರಲಿ. ಕಿವಿ ನೋಡುವವರಿಗೆ ಮುಖ ಕಾಣುವುದಿಲ್ಲ. ಈ ಕೆಲಸವನ್ನು ಮಕ್ಕಳ ಕೈಗೆ ಕೊಡಬೇಡಿ.

ಗುರುಗುಟ್ಟಿದರೆ ಗದರಬೇಕೇ?

ಬೇಡ. ಗುರುಗುಟ್ಟುವುದು ಎಚ್ಚರಿಕೆ, ಗದರಿ ಗದರಿ ಅದನ್ನು ಅಡಗಿಸಿದರೆ ನಾಯಿಯ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದೊಂದು ದಿನ ಅದು ಸದ್ದಿಲ್ಲದೆ ಕಚ್ಚುತ್ತದೆ. ಗುರುಗುಟ್ಟಿದೊಡನೆ ಕೈ ಹಿಂದಕ್ಕೆ ತೆಗೆದು, ಆ ಹೊತ್ತಿಗೆ ಅಷ್ಟಕ್ಕೇ ನಿಲ್ಲಿಸಿ, ಎಲ್ಲಿ ಅವಸರವಾಯಿತೆಂದು ಯೋಚಿಸಿ.

ಕಚ್ಚುವ ಸಾಧ್ಯತೆ ಇದ್ದರೆ ಮಝಲ್ ಅಥವಾ ಬಾಯಿಕುಕ್ಕೆಯ ಅಭ್ಯಾಸವನ್ನು ಬೇರೆಯಾಗಿ, ಮುಂಚಿತವಾಗಿ ಮಾಡಿಸಬೇಕು. ಬುಟ್ಟಿಯಾಕಾರದ ಕುಕ್ಕೆಯಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಲ್ಲದು, ತಿನಿಸನ್ನೂ ತಿನ್ನಬಲ್ಲದು. ಬಾಯನ್ನು ಬಿಗಿಯುವ ಬಟ್ಟೆಪಟ್ಟಿಯಲ್ಲಿ ಇವೆರಡೂ ಆಗುವುದಿಲ್ಲ. ಕಚ್ಚಿಯೇ ಬಿಟ್ಟರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಮನೆಯ ನಾಯಿಯೇ ಆದರೂ, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರ ಮಾತು ಕೇಳಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ.

ಸೋಂಕು ಈಗಲೇ ಇದೆ, ದಿನಕ್ಕೆರಡು ಬಾರಿ ಹನಿ ಹಾಕಲು ಹೇಳಿದ್ದಾರೆ. ಅಭ್ಯಾಸಕ್ಕೆ ಸಮಯವೆಲ್ಲಿದೆ?

ಸಮಯವಿಲ್ಲ ಎಂಬುದು ನಿಜ, ಹಾಗಾಗಿ ಇದನ್ನು ವೈದ್ಯರಿಗೆ ನೇರವಾಗಿ ಹೇಳಬೇಕು. ಮನೆಯಲ್ಲಿ ಹಾಕಲಾಗುತ್ತಿಲ್ಲವೆಂದು ಹೇಳಲು ಸಂಕೋಚಪಟ್ಟು, ಅರ್ಧಂಬರ್ಧ ಹಾಕಿ, ಸೋಂಕು ಮರುಕಳಿಸುವ ಪ್ರಕರಣಗಳು ಧಾರಾಳವಾಗಿವೆ. ನೋವು ಮತ್ತು ಊತ ಇಳಿಸುವ ಔಷಧ ಮೊದಲು ಕೊಡಬಹುದೇ, ಚಿಕಿತ್ಸಾಲಯದಲ್ಲೇ ಮಂಪರು ಕೊಟ್ಟು ಒಮ್ಮೆ ಪೂರ್ತಿ ಶುಚಿ ಮಾಡಬಹುದೇ, ಒಮ್ಮೆ ಹಾಕಿದರೆ ಹಲವು ದಿನ ಕಿವಿಯಲ್ಲೇ ಉಳಿದು ಕೆಲಸ ಮಾಡುವಂಥ ಔಷಧ ಸಿಗುವುದೇ, ಮನೆಯಲ್ಲಿ ಹಾಕುವ ಮೊದಲು ಆತಂಕ ತಗ್ಗಿಸುವ ಮಾತ್ರೆ ಬೇಕೇ ಎಂದು ಕೇಳಿ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನು ನೀವಾಗಿಯೇ ಕೊಡುವುದು ಮಾತ್ರ ಬೇಡ. ಅವು ನಾಯಿಯ ಪ್ರಾಣಕ್ಕೇ ಮುಳುವಾಗಬಲ್ಲವು.

ಮನೆಯಲ್ಲೇ ಹಾಕಲೇಬೇಕಾದರೆ ಅಭ್ಯಾಸದ ಚಾಪೆಯನ್ನು ಈ ಕೆಲಸಕ್ಕೆ ಬಳಸಬೇಡಿ. ಬೇರೆ ಕೋಣೆ, ಬೇರೆ ಬಣ್ಣದ ಟವೆಲ್, ಬೇರೆ ಕರೆ ಇರಲಿ. ಈ ಕೆಂಪು ಟವೆಲ್ ಬಂದರೆ ಅಹಿತವಾದದ್ದು ಆಗುತ್ತದೆ, ಆ ಚಾಪೆಯ ಮೇಲೆ ಎಂದೂ ಆಗುವುದಿಲ್ಲ ಎಂಬ ವ್ಯತ್ಯಾಸ ನಾಯಿಗೆ ಸ್ಪಷ್ಟವಾಗಿರಬೇಕು. ಮೋಸದಿಂದ ಚಾಪೆಗೆ ಕರೆದು ಹನಿ ಹಾಕಿದರೆ ಚಾಪೆಯೂ ಕೈತಪ್ಪುತ್ತದೆ. ಹನಿ ಹಾಕಿ ಮುಗಿದ ಮೇಲೆ ಧಾರಾಳವಾಗಿ ತಿನಿಸು ಕೊಡಿ. ಸೋಂಕು ವಾಸಿಯಾದ ಮೇಲೆ ಚಾಪೆಯ ಪಾಠವನ್ನು ಭುಜದಿಂದಲೇ ಆರಂಭಿಸಿ.

ನಾವು ದತ್ತು ತಂದ ಬೀದಿನಾಯಿಯ ಕಿವಿಯ ಅಂಚಿನಲ್ಲಿ ಒಂದು ಚೂರು ಕತ್ತರಿಸಿದ್ದಾರೆ. ಅದರಿಂದಲೇ ಭಯವೇ?

ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದರ ಗುರುತು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟಿರುವಾಗಲೇ ಅದನ್ನು ಮಾಡುವುದರಿಂದ ಕತ್ತರಿಸಿದ ನೆನಪು ನಾಯಿಗೆ ಇರುವುದಿಲ್ಲ. ಆದರೆ ಬಲೆಗೆ ಸಿಕ್ಕಿದ್ದು, ವಾಹನದಲ್ಲಿ ಹೋದದ್ದು, ಅಪರಿಚಿತ ಕೈಗಳು ಕತ್ತು ಹಿಡಿದದ್ದು ನೆನಪಿರಬಹುದು. ಇಂಥ ನಾಯಿಗೆ ಕಿವಿಗಿಂತ ಮೊದಲು ಕತ್ತುಪಟ್ಟಿ ಹಿಡಿಸಿಕೊಳ್ಳುವುದನ್ನೂ, ತಲೆಯ ಮೇಲಿನಿಂದ ಕೈ ಬರುವುದನ್ನೂ ಪಾಠ ಮಾಡಬೇಕು. ಮನೆಗೆ ಬಂದ ಮೊದಲ ವಾರಗಳಲ್ಲಿ ಇದಾವುದನ್ನೂ ಆರಂಭಿಸದೆ ಅದು ಸುಮ್ಮನೆ ಹೊಂದಿಕೊಳ್ಳಲು ಬಿಡುವುದು ಲೇಸು.

ಕಿವಿಯೊಳಗೆ ರಕ್ತ ಹೀರುವ ಉಣ್ಣೆ (ಉಣುಗು) ಕಂಡರೆ?

ಕಿವಿಯ ಮಡಿಕೆಗಳು ಉಣ್ಣೆಗೆ ಮೆಚ್ಚಿನ ತಾಣ. ಕಣ್ಣಿಗೆ ಕಾಣುವ, ಕೈಗೆ ಎಟಕುವ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು ತೆಗೆಯಬಹುದು. ಸೀಮೆಎಣ್ಣೆ, ಬೆಂಕಿಕಡ್ಡಿ, ಉಗುರಿನಿಂದ ಚಿವುಟುವುದು ಬೇಡ. ನಾಳದ ಒಳಗಿದ್ದರೆ ವೈದ್ಯರೇ ತೆಗೆಯಲಿ. ಕಿವಿ ಮುಟ್ಟಿಸಿಕೊಳ್ಳುವ ಅಭ್ಯಾಸದ ನಿತ್ಯದ ಲಾಭ ಇಲ್ಲಿಯೇ ಕಾಣುತ್ತದೆ: ದಿನವೂ ಹಾಲೆ ಎತ್ತಿ ನೋಡುವ ಮನೆಯಲ್ಲಿ ಉಣ್ಣೆ ಬಹಳ ಕಾಲ ಅಡಗಿರಲಾಗದು. ಉಣ್ಣೆಯಿಂದ ಹರಡುವ ಜ್ವರಗಳು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ನಾಯಿ ಮಂಕಾಗಿ ಊಟ ಬಿಟ್ಟರೆ ರಕ್ತಪರೀಕ್ಷೆ ಮಾಡಿಸಬೇಕು.

ಮರಿಗೆ ಯಾವಾಗಿನಿಂದ ರೂಢಿ ಮಾಡಿಸಬಹುದು?

ಮನೆಗೆ ಬಂದ ವಾರದಿಂದಲೇ. ಮೂರರಿಂದ ಹದಿನಾಲ್ಕು ವಾರಗಳ ನಡುವಿನ ವಯಸ್ಸಿನಲ್ಲಿ ಮರಿ ಹೊಸದನ್ನು ಬೇಗ ಒಪ್ಪಿಕೊಳ್ಳುತ್ತದೆ. ಮರಿಯಾಗಿದ್ದಾಗ ದಿನಕ್ಕೊಮ್ಮೆ ಕಿವಿ ಎತ್ತಿ ತಿನಿಸು ಕೊಟ್ಟ ಮನೆಯವರಿಗೆ ಮೇಲಿನ ಪ್ರಶ್ನೆಗಳಲ್ಲಿ ಅರ್ಧದಷ್ಟು ಏಳುವುದೇ ಇಲ್ಲ.

ಮನೆಯಲ್ಲಿ ಒಪ್ಪುವ ನಾಯಿ ಚಿಕಿತ್ಸಾಲಯದಲ್ಲಿ, ಗ್ರೂಮಿಂಗ್ ಅಂಗಡಿಯಲ್ಲಿ ಏಕೆ ಒಪ್ಪುವುದಿಲ್ಲ?

ನಾಯಿ ಪಾಠವನ್ನು ಜಾಗದೊಡನೆಯೇ ಕಲಿಯುತ್ತದೆ. ಚಾಪೆಯ ಮೇಲೆ ಕಲಿತದ್ದು ಎತ್ತರದ ಸ್ಟೀಲ್ ಮೇಜಿನ ಮೇಲೆ ತಾನಾಗಿ ಬರುವುದಿಲ್ಲ. ಅಭ್ಯಾಸದ ಚಾಪೆಯನ್ನೇ ಸುರುಳಿ ಸುತ್ತಿ ಒಯ್ದು, ಸಾಧ್ಯವಾದರೆ ನೆಲದ ಮೇಲೆಯೇ ನೋಡುವಂತೆ ಕೇಳಿಕೊಳ್ಳಿ. ಏನೂ ಚಿಕಿತ್ಸೆಯಿಲ್ಲದ ದಿನವೂ ಒಮ್ಮೊಮ್ಮೆ ಅಲ್ಲಿಗೆ ಹೋಗಿ, ತೂಕ ನೋಡಿಸಿ, ತಿನಿಸು ತಿನ್ನಿಸಿ ಮರಳಿ ಬನ್ನಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಂಥ ಜನದಟ್ಟಣೆಯ ಕಡೆಗಳಲ್ಲಿ, ಸರದಿ ಬರುವವರೆಗೆ ನಾಯಿಯನ್ನು ಇತರ ಪ್ರಾಣಿಗಳಿಂದ ದೂರದಲ್ಲಿ ನಿಲ್ಲಿಸಿಕೊಳ್ಳಿ.

ಗ್ರೂಮಿಂಗ್ ಅಂಗಡಿಗೆ ಬಿಡುವ ಮುನ್ನ ಎರಡು ಮಾತು ಸ್ಪಷ್ಟವಾಗಿ ಹೇಳಬೇಕು. ಒಂದು, ವೈದ್ಯರು ಹೇಳದ ಹೊರತು ಕಿವಿಯೊಳಗಿನ ಕೂದಲು ಕೀಳಬಾರದು. ಪೂಡಲ್, ಶಿಟ್ಜುಗಳಿಗೆ ವಾಡಿಕೆಯೆಂಬಂತೆ ಕೀಳುವುದುಂಟು, ಕಿತ್ತ ಜಾಗ ಕೆರಳುತ್ತದೆ. ಎರಡು, ನಾಯಿ ಮುಖ ತಿರುಗಿಸಿದರೆ ಕಿವಿಯನ್ನು ಹಾಗೆಯೇ ಬಿಟ್ಟು, ಮನೆಯಲ್ಲಿ ಮಾಡಿಕೊಳ್ಳಲು ನಿಮಗೆ ತಿಳಿಸಬೇಕು. ಇದಕ್ಕೆ ಒಪ್ಪದ ಕಡೆ ಸ್ನಾನ ಮತ್ತು ಉಗುರಿಗಷ್ಟೇ ಹಣ ಕೊಟ್ಟು, ಕಿವಿಯನ್ನು ಚೀಟಿಯಿಂದ ತೆಗೆಸಿಬಿಡಿ.